ಪಾಲಿಕೆಯ ಆದ್ಯತೆ ಗೊತ್ತಾಗಬೇಕಾ? ಬಜೆಟ್ ಪುಸ್ತಕ ತೆಗೆಯಿರಿ

‘ನಮ್ಮ ಪಾಲಿಕೆಯ ಧ್ಯೇಯ ಏನು ಸಾರ್?’ ಅಂತ ಯಾರಾದರೂ ಕೇಳಿದರೆ ನಾನು ಕಚೇರಿ ಗೋಡೆಯ ಬೋರ್ಡ್ ತೋರಿಸುವುದಿಲ್ಲ. 1976ರ ಕರ್ನಾಟಕ ಪೌರನಿಗಮಗಳ (ಕೆಎಂಸಿ) ಕಾಯ್ದೆಯ 58 ಮತ್ತು 59ನೇ ಕಲಂ ಓದಿ ಅನ್ನುತ್ತೇನೆ. 58ರಲ್ಲಿರುವುದು ಪಾಲಿಕೆ ಮಾಡಲೇಬೇಕಾದ ಕೆಲಸ: ಬೀದಿ ಗುಡಿಸುವುದು, ಕಸ ಎತ್ತುವುದು, ಚರಂಡಿ, ಬೀದಿದೀಪ, ಸ್ಮಶಾನ, ಜನನ-ಮರಣ ನೋಂದಣಿ. 59ರಲ್ಲಿರುವುದು ಬೇಕಾದರೆ ಮಾಡಬಹುದಾದ ಕೆಲಸ: ಈಜುಕೊಳ, ವಸ್ತುಪ್ರದರ್ಶನದಂಥವು. ಮೊದಲನೆಯದನ್ನು ಮುಗಿಸಿ ಎರಡನೆಯದಕ್ಕೆ ಕೈ ಹಾಕಬೇಕು ಅನ್ನುವುದು ಕಾಯ್ದೆಯ ಲೆಕ್ಕ. ಬೆಂಗಳೂರು ಬಿಟ್ಟರೆ ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ದಾವಣಗೆರೆ, ಎಲ್ಲ ಪಾಲಿಕೆಗಳಿಗೂ ಇದೇ ಕಾಯ್ದೆ.

ನಾನು ಪಾಲಿಕೆಗಳ ಲೆಕ್ಕ ಶಾಖೆಯಲ್ಲಿ ಕೆಲಸ ಮಾಡಿದವನು. ಬಜೆಟ್ ಪುಸ್ತಕ ಓದುವುದು ಕಷ್ಟ ಅಂತ ಜನ ಹೆದರುತ್ತಾರೆ. ಅಷ್ಟೇನೂ ಇಲ್ಲ. ಪ್ರತಿ ಲೆಕ್ಕಶೀರ್ಷಿಕೆಯ ಮುಂದೆ ಸಾಮಾನ್ಯವಾಗಿ ನಾಲ್ಕು ಕಾಲಂ ಇರುತ್ತವೆ. ಹಿಂದಿನ ವರ್ಷ ನಿಜಕ್ಕೂ ಆದ ಖರ್ಚು, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಪತ್ರಿಕೆಯಲ್ಲಿ ಬರುವುದು ಕೊನೆಯ ಕಾಲಂ ಮಾತ್ರ. ನೀವು ಮೊದಲ ಕಾಲಂ ನೋಡಿ.

ಚರಂಡಿ ನಿರ್ವಹಣೆಗೆ 3 ಕೋಟಿ ಇಟ್ಟಿದ್ದರು, ಖರ್ಚಾಗಿದ್ದು 90 ಲಕ್ಷ ಅಂದುಕೊಳ್ಳಿ. ಮುಂದಿನ ವರ್ಷಕ್ಕೆ ಮತ್ತೆ 4 ಕೋಟಿ ಇಟ್ಟಿದ್ದಾರೆ. ಸಭೆಯಲ್ಲಿ ಚಪ್ಪಾಳೆ ಬೀಳುವುದು 4 ಕೋಟಿಗೆ. ಕೇಳಬೇಕಾಗಿದ್ದು 90 ಲಕ್ಷದ ಬಗ್ಗೆ, ಅಲ್ವಾ? ಆದಾಯದ ಪುಟದಲ್ಲೂ ಇದೇ ಕಥೆ. ಆಸ್ತಿ ತೆರಿಗೆ, ಜಾಹೀರಾತು, ಮಳಿಗೆ ಬಾಡಿಗೆ ಎಲ್ಲ ಸುಮ್ನೆ ಜಾಸ್ತಿ ತೋರಿಸಿಬಿಟ್ಟರೆ ಖರ್ಚಿನ ಪಟ್ಟಿ ಎಷ್ಟು ಬೇಕಾದರೂ ಉದ್ದ ಮಾಡಬಹುದು. ವರ್ಷದ ಕೊನೆಗೆ ದುಡ್ಡು ಬಂದಿರುವುದಿಲ್ಲ, ಗುತ್ತಿಗೆದಾರರ ಬಾಕಿ ಬಿಲ್ ಬೆಳೆದಿರುತ್ತದೆ. ಮುಂದಿನ ವರ್ಷದ ದುಡ್ಡು ಹಳೆ ಬಿಲ್ಲಿಗೇ ಹೋಗುತ್ತದೆ.

ಪಾಲಿಕೆಗೆ ತನ್ನ ಇಷ್ಟಕ್ಕೆ ಖರ್ಚು ಮಾಡಲು ಸಿಗುವ ದುಡ್ಡು ಕಡಿಮೆ. ನಿಮ್ಮ ಆಸ್ತಿ ತೆರಿಗೆ ರಸೀದಿಯನ್ನೇ ನೋಡಿ. ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಅಂತ ಇರುತ್ತದೆ. ಗ್ರಂಥಾಲಯದ್ದು ಗ್ರಂಥಾಲಯ ಪ್ರಾಧಿಕಾರಕ್ಕೆ, ಭಿಕ್ಷುಕರದ್ದು ನಿರಾಶ್ರಿತರ ಪರಿಹಾರದ ಕೆಲಸಕ್ಕೆ ಹೋಗಬೇಕು. ಅದು ಪಾಲಿಕೆ ವಸೂಲಿ ಮಾಡಿ ದಾಟಿಸುವ ದುಡ್ಡು. ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗದ) ಅನುದಾನದಲ್ಲಿ ಸಂಬಳ, ಕರೆಂಟ್ ಬಿಲ್ಲಿಗೆ ಬೇರೆ ಬೇರೆ ಬಾಬ್ತು ಇರುತ್ತದೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅಭಿವೃದ್ಧಿ ಹಣದಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ತೆಗೆದಿಡಬೇಕು. ಈ ಮೂರು ಬಾಬ್ತಿನ ಖರ್ಚನ್ನು ತಪ್ಪದೆ ನೋಡಿ. ಅಂದಾಜಿನಲ್ಲಿ ಪೂರ್ತಿ ಮೊತ್ತ ಬರೆದು ವರ್ಷವಿಡೀ ಕ್ರಿಯಾ ಯೋಜನೆಯನ್ನೇ ಮಾಡದಿದ್ದರೆ ಅದು ಅನ್ಯಾಯ. ‘ಎಲ್ಲರನ್ನೂ ಒಳಗೊಂಡ ನಗರ’ ಅಂತ ಎಲ್ಲಿ ಬರೆದುಕೊಂಡರೂ ಆ ಅನ್ಯಾಯ ಸರಿಹೋಗುವುದಿಲ್ಲ.

ಈಗ ನನ್ನನ್ನು ಅತಿ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಮಳೆಗಾಲದ ಮುಂಚಿನ ಹೂಳೆತ್ತುವ ಕೆಲಸ. ಇದು ಬೇಡ ಅನ್ನುವ ಕಾರ್ಪೊರೇಟರ್ ಇಲ್ಲ, ಆಯುಕ್ತರೂ ಇಲ್ಲ. ದುಡ್ಡೂ ಇಟ್ಟಿರುತ್ತಾರೆ. ಆದರೂ ಪ್ರತಿ ವರ್ಷ ಮನೆಗೆ ನೀರು ನುಗ್ಗುತ್ತದೆ. ಯಾಕೆ ಅಂತ ಕಡತದ ದಿನಾಂಕಗಳನ್ನು ನೋಡಿದರೆ ಗೊತ್ತಾಗುತ್ತದೆ. ಮಾರ್ಚ್‌ನಲ್ಲಿ ಬಜೆಟ್ ಪಾಸಾಗುತ್ತದೆ. ಏಪ್ರಿಲ್‌ನಲ್ಲಿ ವಾರ್ಡ್ ಎಂಜಿನಿಯರು ಎಸ್ಟಿಮೇಟ್ ಹಾಕುತ್ತಾರೆ. ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಮಂಜೂರಾತಿ ಆಗಬೇಕು. ಆಮೇಲೆ ಟೆಂಡರ್, ಅದರ ನೋಟಿಸಿನ ಅವಧಿ, ದರ ಪರಿಶೀಲನೆ. ಕಾರ್ಯಾದೇಶ, ಅಂದರೆ ಕೆಲಸ ಶುರು ಮಾಡಿ ಅನ್ನುವ ಆದೇಶ, ಗುತ್ತಿಗೆದಾರರ ಕೈಗೆ ಬರುವ ಹೊತ್ತಿಗೆ ಜೂನ್. ಮುಂಗಾರು ಅಷ್ಟರಲ್ಲಿ ಬಂದಿರುತ್ತದೆ. ಆತುರದಲ್ಲಿ ಎತ್ತಿದ ಹೂಳನ್ನು ಸಾಗಿಸಲು ಟಿಪ್ಪರ್ ಇರುವುದಿಲ್ಲ, ಚರಂಡಿ ಪಕ್ಕದಲ್ಲೇ ಗುಡ್ಡೆ ಹಾಕುತ್ತಾರೆ. ಒಂದು ಜೋರು ಮಳೆಗೆ ಅಷ್ಟೂ ಒಳಗೆ ಜಾರುತ್ತದೆ. ಅಳತೆ ಪುಸ್ತಕದಲ್ಲಿ ಇಷ್ಟು ಘನ ಮೀಟರ್ ಹೂಳೆತ್ತಿದೆ ಅಂತ ಬರೆದಾಗಿರುತ್ತದೆ, ಬಿಲ್ಲೂ ಆಗುತ್ತದೆ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಹೂಳೆತ್ತುವುದು ಪ್ರತಿ ವರ್ಷದ ಕೆಲಸ, ಹಾಗಾಗಿ ಡಿಸೆಂಬರ್ ಒಳಗೆ ಎಸ್ಟಿಮೇಟ್ ಮುಗಿಸಿ, ಫೆಬ್ರವರಿಯಲ್ಲಿ ಟೆಂಡರ್ ಕರೆದು, ಏಪ್ರಿಲ್ ಮೊದಲ ವಾರ ಕೆಲಸ ಶುರು ಮಾಡಬಹುದು. ವಾರ್ಷಿಕ ನಿರ್ವಹಣೆ ಗುತ್ತಿಗೆ ಕೊಟ್ಟರೆ ಇನ್ನೂ ಸುಲಭ. ಹೂಳು ಸಾಗಿಸಿದ ಜಾಗದ ತೂಕದ ಚೀಟಿ ಇಲ್ಲದೆ ಬಿಲ್ ಮಾಡಬಾರದು. ಪಾಲಿಕೆಗೆ ಚರಂಡಿ ನಿಜವಾಗಿ ಮುಖ್ಯವೋ ಇಲ್ಲವೋ ಅನ್ನುವುದನ್ನು ನಾನು ಕಾರ್ಯಾದೇಶದ ದಿನಾಂಕದಿಂದ ಅಳೆಯುತ್ತೇನೆ.

ಕಟ್ಟುವುದಕ್ಕೆ ಸಿಗುವ ಉತ್ಸಾಹ ನಿರ್ವಹಣೆಗೆ ಯಾಕೆ ಸಿಗುವುದಿಲ್ಲ? ಒಂದು ಕಾರಣ ಅಧಿಕಾರದ ಅವಧಿ. ಕೆಎಂಸಿ ಕಾಯ್ದೆಯ ಪ್ರಕಾರ ಮೇಯರ್ ಇರುವುದು ಒಂದೇ ವರ್ಷ. ಆಯುಕ್ತರನ್ನು ಕಳಿಸುವುದು ಸರ್ಕಾರ, ವರ್ಗಾವಣೆ ಮಾಡುವುದೂ ಸರ್ಕಾರವೇ. ಒಂದು ವರ್ಷದಲ್ಲಿ ಸ್ವಾಗತ ಕಮಾನು ಉದ್ಘಾಟಿಸಬಹುದು, ಒಳಚರಂಡಿ ಸರಿ ಮಾಡುವುದು ಕಷ್ಟ. ಇನ್ನೊಂದು ಕಾರಣ ಅನುದಾನದ ಸ್ವಭಾವ. ಸ್ಮಾರ್ಟ್ ಸಿಟಿ ಯೋಜನೆ 2015ರಲ್ಲಿ ಶುರುವಾಗಿ 2025ರ ಮಾರ್ಚ್‌ಗೆ ಮುಗಿಯಿತು. ನಮ್ಮ ರಾಜ್ಯದ ಏಳು ನಗರಗಳು ಅದರಲ್ಲಿದ್ದವು. ಕಟ್ಟಿದ್ದು ಪಾಲಿಕೆಯಲ್ಲ, ಆ ಯೋಜನೆಗೆಂದೇ ಮಾಡಿದ ಪ್ರತ್ಯೇಕ ಕಂಪನಿ. ಆ ದೀಪ, ಕ್ಯಾಮೆರಾ, ಫುಟ್‌ಪಾತ್‌ಗಳ ನಿರ್ವಹಣೆ ಬಿಲ್ ಯಾರ ಬಜೆಟ್‌ಗೆ ಬರುತ್ತದೆ ಅಂತ ನಿಮ್ಮ ಊರಿನ ಪುಸ್ತಕದಲ್ಲಿ ಹುಡುಕಿ ನೋಡಿ.

ಬೆಂಗಳೂರಿನ ಪರಿಸ್ಥಿತಿ ಇನ್ನೂ ಬೇಸರದ್ದು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ (ಆಗ ಇಡೀ ಬೆಂಗಳೂರಿಗಿದ್ದ ಪಾಲಿಕೆ) ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಬಜೆಟ್‌ಗಳೆಲ್ಲ ಆಡಳಿತಾಧಿಕಾರಿಗಳ ಕೈಯಲ್ಲೇ ಆದವು. 2025ರ ಸೆಪ್ಟೆಂಬರ್‌ನಲ್ಲಿ ಅದು ಐದು ಪಾಲಿಕೆಯಾಯಿತು. ಅಷ್ಟು ದೊಡ್ಡ ಊರಿನ ಆದ್ಯತೆಯನ್ನು ಓಟು ಹಾಕಿಸಿಕೊಂಡವರು ಐದು ವರ್ಷ ಕೂತು ಚರ್ಚಿಸಲೇ ಇಲ್ಲ ಅನ್ನುವುದು ನನಗೆ ಈಗಲೂ ನೋವಿನ ವಿಷಯ.

ಇನ್ನು ನೀವು ಮಾಡಬಹುದಾದ್ದು. ಬಜೆಟ್‌ಗೆ ಮುಂಚೆ ಪೂರ್ವಭಾವಿ ಸಭೆ ಕರೆಯುತ್ತಾರೆ, ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಹೆಚ್ಚಿನ ಸಲ ಅಲ್ಲಿ ಖಾಲಿ ಕುರ್ಚಿಗಳೇ ಜಾಸ್ತಿ. ದಯವಿಟ್ಟು ಹೋಗಿ. ವಾರ್ಡ್ ಸಮಿತಿ ಇದ್ದರೆ ಅಲ್ಲಿಗೂ ಹೋಗಿ. ಕಾರ್ಪೊರೇಟರ್ ಜೊತೆ ಹತ್ತು ಜನ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟರು ಇರಬೇಕು. ಸಮಿತಿಯೇ ಇಲ್ಲದಿದ್ದರೆ ಯಾಕಿಲ್ಲ ಅಂತ ಲಿಖಿತವಾಗಿ ಕೇಳಿ. ‘ನಮ್ಮ ರಸ್ತೆಗೆ ಡಾಂಬರು ಹಾಕಿಸಿ’ ಅಂತ ಮನವಿ ಕೊಟ್ಟು ಬರುವ ಬದಲು ಮೂರು ಮಾಹಿತಿ ಕೇಳಿ. ನಮ್ಮ ವಾರ್ಡಿನಲ್ಲಿ ಕಳೆದ ವರ್ಷ ಚರಂಡಿ ನಿರ್ವಹಣೆಗೆ ನಿಜವಾಗಿ ಆದ ಖರ್ಚೆಷ್ಟು, ಕಾರ್ಯಾದೇಶ ಕೊಟ್ಟ ದಿನಾಂಕ ಯಾವುದು, ಎತ್ತಿದ ಹೂಳು ಎಲ್ಲಿಗೆ ಹೋಯಿತು. ಬಾಯಿಮಾತಿನ ಉತ್ತರ ಬಂದರೆ ಅದನ್ನು ಸಭೆಯ ನಡವಳಿಯಲ್ಲಿ ಬರೆಸಿ, ಪ್ರತಿ ತಗೊಂಡು ಬನ್ನಿ.