ಆಷಾಢದಲ್ಲಿ ಖರೀದಿ ಬಿಲ್ ತೆಗೆದು ಕೂತುಕೊಳ್ಳಿ

ಆಷಾಢ ಬಂತೆಂದರೆ ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಮದುವೆ ಗಿರಾಕಿ ಇರುವುದಿಲ್ಲ. ಪಂಚಮಿ ಹತ್ತಿರ ಬರುವವರೆಗೆ ವ್ಯಾಪಾರ ತಣ್ಣಗೇ. ಆಗ ಕೆಲವರು ಡಿಸ್ಕೌಂಟ್ ಬೋರ್ಡ್ ಹಾಕುತ್ತಾರೆ, ಉಳಿದವರು ಗಲ್ಲೆ ಮೇಲೆ ಕೂತು ಬಾಗಿಲು ನೋಡುತ್ತಾರೆ. ದಿನಕ್ಕೆ ಒಂದು ತಾಸು ಖರೀದಿ ಬಿಲ್ಲುಗಳಿಗೆ ಕೊಡಿ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. "ದೀಪಾವಳಿ ಒಂದು ಮುಗೀಲಿ ಸರ" ಅನ್ನುತ್ತಾರೆ. ದೀಪಾವಳಿ ಮುಗಿದರೆ ತುಳಸಿ ಲಗ್ನ, ಅದರ ಹಿಂದೆಯೇ ಮದುವೆ ಸೀಸನ್. ಅಷ್ಟರಲ್ಲಿ ನವೆಂಬರ್ 30 ದಾಟಿರುತ್ತದೆ.

ಆ ತಾರೀಖು ಯಾಕೆ ಮುಖ್ಯ ಎಂದು ಆಮೇಲೆ ಹೇಳುತ್ತೇನೆ. ಮೊದಲು, ಎಷ್ಟು ಹೇಳಿದರೂ ನಮ್ಮವರ ತಲೆಗೆ ಹೋಗದ ಒಂದು ಮಾತು. ಬಿಲ್ ಕೈಯಲ್ಲಿದೆ, ಮಾಲು ಬಂದಿದೆ, ರೊಕ್ಕವನ್ನೂ ಕೊಟ್ಟಾಗಿದೆ. ಇಷ್ಟಕ್ಕೇ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕು, ನಿಮ್ಮದಾಗುವುದಿಲ್ಲ. ಮಾಲು ಕೊಟ್ಟವರು ಆ ಬಿಲ್ಲನ್ನು ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ನಿಮ್ಮ ಜಿಎಸ್‌ಟಿ ನಂಬರಿಗೇ ಹಾಕಿರಬೇಕು. ಆಗ ಅದು ನಿಮ್ಮ 2ಬಿಯಲ್ಲಿ, ಅಂದರೆ ನಿಮಗೆ ಸಿಗಬಹುದಾದ ಕ್ರೆಡಿಟ್ ತೋರಿಸುವ ಜಿಎಸ್‌ಟಿ ಪೋರ್ಟಲ್‌ನ ಪಟ್ಟಿಯಲ್ಲಿ, ಕಾಣುತ್ತದೆ. 2022ರ ಜನವರಿ 1ರಿಂದ ಇದು ಕಾನೂನಿನಲ್ಲೇ ಇದೆ. 2ಬಿಯಲ್ಲಿ ಇಲ್ಲದ ಬಿಲ್ಲಿನ ಕ್ರೆಡಿಟ್ ತೆಗೆದುಕೊಂಡರೆ ನೋಟಿಸ್ ಬರಬಹುದು. ಆ ಕ್ರೆಡಿಟ್ ಬಳಸಿಬಿಟ್ಟಿದ್ದರೆ ವರ್ಷಕ್ಕೆ ಶೇ. 18ರ ಬಡ್ಡಿಯೂ ಬೀಳುತ್ತದೆ.

ನಮ್ಮಲ್ಲಿ ಲೆಕ್ಕ ಬರೆಸುವ ಹಿರಿಯ ವ್ಯಾಪಾರಿಯೊಬ್ಬರಿದ್ದಾರೆ. ಉದ್ರಿ ಇಟ್ಟುಕೊಳ್ಳುವ ಮನುಷ್ಯರಲ್ಲ. ಬಂದ ಬಿಲ್ಲನ್ನೆಲ್ಲ ಗಲ್ಲೆಯ ಪಕ್ಕದ ತಂತಿಗೆ ಚುಚ್ಚಿ ಇಡುತ್ತಾರೆ. ಕೆಳಗಿನವು ಹಳದಿಯಾಗಿ, ಅಕ್ಷರ ಅರ್ಧ ಅಳಿಸಿರುತ್ತವೆ. ಅದರಲ್ಲೊಂದು ಸೂರತ್‌ನದು. ಒಂದು ಲಕ್ಷದ ಮಾಲು, ಶೇ. 5ರಂತೆ 5,000 ತೆರಿಗೆ. ಬಿಲ್ಲಿನ ಮೇಲೆ 29ರಿಂದ (ಕರ್ನಾಟಕದ ಸಂಕೇತ) ಶುರುವಾಗುವ ಹಿರಿಯರ ಜಿಎಸ್‌ಟಿ ನಂಬರ್, ಹದಿನೈದೂ ಅಕ್ಷರ ಸರಿಯಾಗಿದ್ದವು. 2ಬಿಯಲ್ಲಿ ಮಾತ್ರ ಬಿಲ್ಲೇ ಇಲ್ಲ. ಫೋನ್ ಮಾಡಿ ಕೇಳಿದರೆ, ಅಲ್ಲಿನ ಗುಮಾಸ್ತರು ರಿಟರ್ನ್ ಹಾಕುವಾಗ ಅದೇ ಹೆಸರಿನ ಬೇರೆ ಊರಿನ ಅಂಗಡಿಯನ್ನು ಆರಿಸಿಬಿಟ್ಟಿದ್ದರು.

"ಬಿಲ್ ಇಲ್ಲೇ ಐತೆಲ್ರಿ ಸರ, ರೊಕ್ಕಾನೂ ಮುಟ್ಟೇತಿ" ಎಂದರು ಹಿರಿಯರು.

"ಕಾಕಾ, ಬಿಲ್ ಸರಿ ಐತ್ರಿ. ಅವರು ಹಾಕಿದ ರಿಟರ್ನ್ ತಪ್ಪೈತಿ."

ಅವರಿಗೆ ಇದು ಅನ್ಯಾಯ ಅನ್ನಿಸಿತು. ನನಗೂ ಹಾಗೇ ಅನ್ನಿಸುತ್ತದೆ. ಪ್ರಾಮಾಣಿಕವಾಗಿ ರೊಕ್ಕ ಕೊಟ್ಟವರು ಇನ್ನೊಬ್ಬರ ತಪ್ಪಿಗೆ ಓಡಾಡಬೇಕು. ಆದರೆ ನಿಯಮ ಇರುವುದು ಹಾಗೆ. ತಪ್ಪು ತಿದ್ದಬೇಕಾದವರು ಸೂರತ್‌ನವರು, ಅದನ್ನು ಹುಡುಕಿ ಹೇಳಬೇಕಾದವರು ನಾವು.

ಈಗ ನವೆಂಬರ್ 30ರ ವಿಷಯ. 2025-26ರ ಬಿಲ್ಲಿನ ಕ್ರೆಡಿಟ್ ತೆಗೆದುಕೊಳ್ಳಲು 2026ರ ನವೆಂಬರ್ 30 ಕೊನೆ. ವಾರ್ಷಿಕ ರಿಟರ್ನನ್ನು ಅದಕ್ಕೂ ಮೊದಲೇ ಹಾಕಿದರೆ ಆ ದಿನವೇ ಕೊನೆ. ಮಾಲು ಕೊಟ್ಟವರು ತಮ್ಮ ತಪ್ಪು ತಿದ್ದಲಿಕ್ಕೂ ಇದೇ ಗಡುವು. ಆಷಾಢದಲ್ಲಿ ಹುಡುಕಿದರೆ ಅವರ ಹಿಂದೆ ಬೀಳಲು ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ನವೆಂಬರಿನಲ್ಲಿ ಫೋನ್ ಮಾಡಿದರೆ ಎತ್ತುವವರೂ ಇರುವುದಿಲ್ಲ.

ಬಿಲ್ ಕಾಣಲಿಲ್ಲ ಎಂದು ತಕ್ಷಣ ಜಗಳಕ್ಕೂ ಹೋಗಬೇಡಿ. ಸಣ್ಣ ವ್ಯಾಪಾರಿಗಳು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವುದುಂಟು, ಅವರ ಬಿಲ್ ತಡವಾಗಿ ಬರಬಹುದು. ಇನ್ನು ಉದ್ರಿ ಜಾಸ್ತಿ ಇರುವವರಿಗೆ ಬೇರೆ ಮಾತು: ಬಿಲ್ ತಾರೀಖಿನಿಂದ 180 ದಿನದೊಳಗೆ ರೊಕ್ಕ ಕೊಡದಿದ್ದರೆ, ತೆಗೆದುಕೊಂಡ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ರೊಕ್ಕ ಕೊಟ್ಟ ಮೇಲೆ ಮತ್ತೆ ತೆಗೆದುಕೊಳ್ಳಬಹುದು. ಈಗಾಗಲೇ ನೋಟಿಸ್ ಬಂದಿದ್ದರೆ ಇದನ್ನು ಓದಿ ಉತ್ತರ ಬರೆಯಬೇಡಿ. ನಿಮ್ಮ ಆಡಿಟರ್ ಹತ್ತಿರ ಕಾಗದ ಒಯ್ಯಿರಿ.

ಹಾಗೇ ಕಪಾಟಿನ ತಳದ ಮಾಲನ್ನೂ ಕೆಳಗಿಳಿಸಿ. ಇಲಿ ಕಡಿದ ಸೀರೆಯನ್ನು ಲೆಕ್ಕದಿಂದ ತೆಗೆದುಹಾಕಿದರೆ ಅದರ ಕ್ರೆಡಿಟ್ ವಾಪಸ್ ಕೊಡಬೇಕು. ಕಡಿಮೆ ದರಕ್ಕೆ ಮಾರಿದರೆ ಕೊಡಬೇಕಿಲ್ಲ. ನಿಮ್ಮ ಡಿಸ್ಕೌಂಟ್ ಬೋರ್ಡ್ ಅದಕ್ಕೆ ಇರಲಿ.

ತಂತಿಯಿಂದ ಬಿಲ್ ಬಿಚ್ಚಿ, ತಿಂಗಳವಾರು ಜೋಡಿಸಿ, 2ಬಿ ಪ್ರಿಂಟ್ ಪಕ್ಕಕ್ಕಿಟ್ಟು ಒಂದೊಂದೇ ಟಿಕ್ ಹಾಕಿ. ಟಿಕ್ ಬೀಳದ ಬಿಲ್ಲಿನ ಫೋಟೋವನ್ನು ಅವತ್ತೇ ವಾಟ್ಸಾಪ್‌ನಲ್ಲಿ ಮಾಲು ಕೊಟ್ಟವರಿಗೆ ಕಳಿಸಿ. "ಹಾಕ್ತೀವಿ" ಎಂದರೆ ನಂಬಿ ಕೂರಬೇಡಿ. 2ಬಿ ಪ್ರತಿ ತಿಂಗಳು 14ಕ್ಕೆ ಬರುತ್ತದೆ, ಅದರಲ್ಲಿ ಬಿಲ್ ಕಂಡ ಮೇಲೆಯೇ ಟಿಕ್ ಹಾಕಿ.