ಹ್ಯಾಮ್ ಆಂಪ್ಲಿಫೈಯರ್‌ಗೆ ಪ್ರತ್ಯೇಕ ಲೈನ್: ತಂತಿಗಿಂತ ಮೊದಲು ಅರ್ಥಿಂಗ್

ರೇಡಿಯೊದ ಪ್ರಸಾರಶಕ್ತಿ ಹೆಚ್ಚಿಸುವ ಲೀನಿಯರ್ ಆಂಪ್ಲಿಫೈಯರ್ ಕೊಂಡ ಹವ್ಯಾಸಿ (ಹ್ಯಾಮ್) ರೇಡಿಯೊ ಗೆಳೆಯರು ಅದಕ್ಕೊಂದು ಪ್ರತ್ಯೇಕ ಲೈನ್ ಎಳೆದುಕೊಡಿ ಎಂದು ಕೇಳಲು ಬರುವಾಗ ಸಾಮಾನ್ಯವಾಗಿ ಅಮೆರಿಕದ ಕೈಪಿಡಿಯೊಂದನ್ನು ಓದಿಕೊಂಡು ಬಂದಿರುತ್ತಾರೆ. ಅಲ್ಲಿನ ಮನೆಗಳ ಮಾಮೂಲಿ ಸಾಕೆಟ್‌ನಲ್ಲಿ 120 ವೋಲ್ಟ್ ಮಾತ್ರ ಇರುವುದರಿಂದ ದೊಡ್ಡ ಆಂಪ್ಲಿಫೈಯರ್‌ಗೆ 240 ವೋಲ್ಟಿನ ಬೇರೆ ಸರ್ಕ್ಯೂಟ್ ಬೇಕಾಗುತ್ತದೆ, ಮತ್ತು ಆ ಸರ್ಕ್ಯೂಟಿನ ಎರಡೂ ತಂತಿಗಳಲ್ಲಿ ಕರೆಂಟ್ ಇರುತ್ತದೆ. ಕಾರವಾರದ ಮನೆಯಲ್ಲಾಗಲಿ ಶಿರಸಿಯ ತೋಟದ ಮನೆಯಲ್ಲಾಗಲಿ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ 230 ವೋಲ್ಟ್ ಸಿಗುತ್ತದೆ. ಕೈಪಿಡಿಯ ಚಿತ್ರವನ್ನೇ ನಂಬಿ, ಪಂಪ್‌ಸೆಟ್‌ಗೆಂದು ಬಂದಿರುವ ತ್ರೀ ಫೇಸ್‌ನಿಂದ ಎರಡು ಫೇಸ್ ತೆಗೆದು ಜೋಡಿಸಿದರೆ ಯಂತ್ರಕ್ಕೆ 400 ವೋಲ್ಟ್ ಬೀಳುತ್ತದೆ.

ಅಮೆರಿಕದಿಂದಲೇ ತರಿಸಿದ ಯಂತ್ರವಾದರೆ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ಗೂ ಒಗ್ಗುವಂಥದ್ದೇ ಎಂದು ಮೊದಲು ನೋಡಬೇಕು. 60 ಹರ್ಟ್ಸ್‌ಗೆ ಮಾತ್ರ ತಯಾರಾದ ಟ್ರಾನ್ಸ್‌ಫಾರ್ಮರ್ ಇಲ್ಲಿ ವಿಪರೀತ ಬಿಸಿಯಾಗುತ್ತದೆ. ಎರಡೂ ತಂತಿಗೆ ಫ್ಯೂಸ್ ಇರುವ ಯಂತ್ರದಲ್ಲಿ ನ್ಯೂಟ್ರಲ್ ಕಡೆಯ ಫ್ಯೂಸ್ ಮಾತ್ರ ಸುಟ್ಟರೆ, ಯಂತ್ರ ಸತ್ತಂತೆ ಕಂಡರೂ ಒಳಗೆ ಫೇಸ್ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ನಾನು ಈ ಲೈನಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಎಂಸಿಬಿಯನ್ನೇ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕುತ್ತೇನೆ.

ಲೋಡ್ ಬಹಳ ಮಂದಿ ಹೆದರುವಷ್ಟು ದೊಡ್ಡದಲ್ಲ. 400 ವ್ಯಾಟ್ ಹೊರಗೆ ಕೊಡುವ ವಾಲ್ವ್ (ನಿರ್ವಾತ ನಳಿಕೆ) ಆಂಪ್ಲಿಫೈಯರ್, ವಾಲ್ವಿನೊಳಗೆ ಕಾಯುವ ಫಿಲಮೆಂಟ್ ಮತ್ತು ಫ್ಯಾನ್ ಸೇರಿ, ಮಾತಿನ ಏರಿನಲ್ಲಿ ಐದಾರು ಆಂಪಿಯರ್ ಎಳೆಯಬಹುದು. ರೇಡಿಯೊ ಮತ್ತು ಅದರ ಪವರ್ ಸಪ್ಲೈ ಸೇರಿಸಿದರೂ 10 ಆಂಪಿಯರ್ ದಾಟುವುದು ಕಷ್ಟ. ಇಷ್ಟಕ್ಕೆ 2.5 ಸ್ಕ್ವೇರ್ ಎಂಎಂ ತಾಮ್ರದ ತಂತಿ ಸಾಕು, ಆದರೂ ನಾನು 4 ಸ್ಕ್ವೇರ್ ಎಂಎಂ ಎಳೆಯುತ್ತೇನೆ. ಮೇನ್‌ನಿಂದ 20 ಮೀಟರ್ ದೂರದ ಕೋಣೆಗೆ 10 ಆಂಪಿಯರ್ ಹರಿದಾಗ ಈ ತಂತಿಯಲ್ಲಿ ಸುಮಾರು 2 ವೋಲ್ಟ್ ಕುಸಿದರೆ, ಹಳೆಯ ಲೈಟ್ ಪಾಯಿಂಟಿನ 1 ಸ್ಕ್ವೇರ್ ಎಂಎಂ ತಂತಿಯಲ್ಲಿ ಏಳೆಂಟು ವೋಲ್ಟ್ ಕುಸಿಯುತ್ತದೆ. ಫಿಲಮೆಂಟ್ ವೋಲ್ಟೇಜ್ ಶೇಕಡಾ 5ರ ಒಳಗೆ ನಿಲ್ಲಬೇಕಾದ 3-500ಝಡ್‌ನಂಥ ವಾಲ್ವಿಗೆ ಈ ವ್ಯತ್ಯಾಸ ಸಣ್ಣದಲ್ಲ. ಪ್ರಸಾರ ಮಾಡುವಾಗ ಸಾಕೆಟ್‌ನಲ್ಲೂ ಮೇನ್‌ನಲ್ಲೂ ವೋಲ್ಟೇಜ್ ಅಳೆಸಿ ನೋಡಿ. ಮೇನ್‌ನಲ್ಲೇ ಕುಸಿತ ಕಂಡರೆ ತೊಂದರೆ ಕಂಬದಿಂದ ಮನೆಗೆ ಬರುವ ಉದ್ದನೆಯ ಸರ್ವಿಸ್ ಲೈನಿನಲ್ಲಿದೆ. ಮನೆಯೊಳಗೆ ಎಷ್ಟು ದಪ್ಪದ ತಂತಿ ಎಳೆದರೂ ಅದು ಹೋಗದು.

ಈ ಕೆಲಸದಲ್ಲಿ ನನ್ನ ಹೆಚ್ಚಿನ ಹೊತ್ತು ಹೋಗುವುದು ಅರ್ಥಿಂಗಿಗೆ, ಮತ್ತು ಗ್ರಾಹಕರೊಡನೆ ಹೆಚ್ಚಿನ ವಾದವೂ ಅದರ ಬಗೆಗೇ. ನಮ್ಮ ಬಹುಪಾಲು ಮನೆಗಳು ಅಂಗಳದಲ್ಲಿ ತಮ್ಮದೇ ಪೈಪ್ ಹೂತು ಅರ್ಥ್ ಮಾಡಿಕೊಂಡಿವೆ. ಚಿರೇಕಲ್ಲಿನ ನೆಲ ಮಳೆಗಾಲದಲ್ಲಿ ತೊಯ್ದಿರುವಾಗ ಮೀಟರ್ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ, ಆದರೆ ಏಪ್ರಿಲ್–ಮೇ ಹೊತ್ತಿಗೆ ಮಣ್ಣು ಒಣಗಿ ಪ್ರತಿರೋಧ ಏರುತ್ತದೆ. ಅರ್ಥ್ ಪ್ರತಿರೋಧ 20 ಓಮ್ ಇರುವ ಮನೆಯಲ್ಲಿ ಫೇಸ್ ತಂತಿ ಯಂತ್ರದ ಕವಚಕ್ಕೆ ತಗುಲಿತು ಎನ್ನಿ. 230 ವೋಲ್ಟನ್ನು 20ರಿಂದ ಭಾಗಿಸಿದರೆ ಬರುವುದು 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಮಾಮೂಲಿ ಲೋಡ್. ಅದು ಬೀಳುವುದೇ ಇಲ್ಲ, ಮತ್ತು ಕವಚವೂ ಅದಕ್ಕೆ ಸೇರಿದ ಮೈಕ್, ಮೋರ್ಸ್ ಕೀ ಎಲ್ಲವೂ ಮುಟ್ಟಬಾರದ ವೋಲ್ಟೇಜಿನಲ್ಲಿ ಉಳಿಯುತ್ತವೆ. ಇಲ್ಲಿ ಜೀವ ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಭೂಮಿಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಮಾತ್ರ. ಅದಿಲ್ಲದೆ ಈ ಲೈನನ್ನು ಚಾಲೂ ಮಾಡಿಕೊಡಲು ನಾನು ಒಪ್ಪುವುದಿಲ್ಲ. ಅರ್ಥಿಂಗಿನ ಅಳತೆಯನ್ನು ಮೊದಲ ಮಳೆಗೆ ಮುಂಚೆ ಮಾಡಿಸಬೇಕು. ಜುಲೈ ತಿಂಗಳ ಅಂಕಿಯನ್ನು ನಂಬಿ ಕೂರುವಂತಿಲ್ಲ. ಕಾರವಾರ, ಅಂಕೋಲಾ, ಕುಮಟಾದ ಕಡಲಂಚಿನ ಮನೆಗಳಲ್ಲಿ ಉಪ್ಪಿನ ಗಾಳಿ ಕ್ಲಾಂಪ್‌ಗಳನ್ನು ತಿನ್ನುವುದರಿಂದ, ಪೈಪ್ ಚೆನ್ನಾಗಿದ್ದರೂ ಅದಕ್ಕೆ ತಂತಿ ಸೇರುವ ಜಾಗವನ್ನು ಬಿಚ್ಚಿ ನೋಡಲೇಬೇಕು.

ಆಂಟೆನಾ ಕಂಬಕ್ಕೆ ಬೇರೆ ಅರ್ಥ್ ಮಾಡಿ ಅದನ್ನು ಮನೆಯ ಅರ್ಥ್‌ನಿಂದ ದೂರ ಇಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ ಹಲವರಲ್ಲಿದೆ. ಅದು ಅಪಾಯಕಾರಿ. ಘಟ್ಟದ ಮೇಲೆ ಗುಡುಗಿನ ಮಳೆ ಬರುವಾಗ ಹತ್ತಿರದಲ್ಲಿ ಸಿಡಿಲು ಬಿದ್ದರೆ ಎರಡು ಅರ್ಥ್‌ಗಳ ನಡುವೆ ಸಾವಿರಾರು ವೋಲ್ಟಿನ ವ್ಯತ್ಯಾಸ ಏಳಬಹುದು, ಮತ್ತು ಆ ಎರಡನ್ನೂ ಸೇರಿಸುವ ದಾರಿಯಾಗಿ ಉಳಿಯುವುದು ಮೇಜಿನ ಮೇಲಿನ ಯಂತ್ರವೇ. ಎರಡನ್ನೂ ಮನೆಯ ಹೊರಗೇ ದಪ್ಪ ವಾಹಕದಿಂದ ಬೆಸೆಯಬೇಕು, ಆಂಟೆನಾ ಕೇಬಲ್ ಒಳಬರುವ ಕಡೆ ಸಿಡಿಲಿನ ಹೊಡೆತವನ್ನು ಅರ್ಥ್‌ಗೆ ಹರಿಸುವ ಸರ್ಜ್ ಅರೆಸ್ಟರ್ ಇಡಬೇಕು. ಗಾಳಿಮಳೆಗೆ ಅಡಿಕೆ ಮರವೋ ಕೊಂಬೆಯೋ ಬಿದ್ದು ಲೈನಿನ ನ್ಯೂಟ್ರಲ್ ಹರಿದರೆ ಮನೆಯ ವೋಲ್ಟೇಜ್ 400ರ ಸಮೀಪಕ್ಕೂ ಏರಬಲ್ಲದು; ಆಗ ತಾನೇ ಕಡಿಯುವ ಓವರ್ ವೋಲ್ಟೇಜ್ ಕಟ್‌ಆಫ್ ಈ ಲೈನಿಗೆ ಇರಲಿ.

ಸ್ವಿಚ್ ಹಾಕಿದ ಕ್ಷಣದಲ್ಲೇ ಎಂಸಿಬಿ ಬಿದ್ದರೆ ಅದು ಬಹುಮಟ್ಟಿಗೆ ಖಾಲಿ ಕೆಪಾಸಿಟರುಗಳು ಮತ್ತು ಟ್ರಾನ್ಸ್‌ಫಾರ್ಮರ್ ಎಳೆಯುವ ಆರಂಭದ ಕರೆಂಟು. ಅದಕ್ಕೆ ಬೇಗ ಬೀಳುವ ಬಿ ಕರ್ವ್ ಬದಲು ಅದನ್ನು ಹೆಚ್ಚು ತಾಳುವ ಸಿ ಕರ್ವ್ ಎಂಸಿಬಿ ಹಾಕಿ, ಯಂತ್ರದಲ್ಲಿ ಸಾಫ್ಟ್ ಸ್ಟಾರ್ಟ್ (ಆರಂಭದ ಕರೆಂಟನ್ನು ತಡೆದು ಬಿಡುವ ವ್ಯವಸ್ಥೆ) ಇಲ್ಲದಿದ್ದರೆ ಅದನ್ನು ಸೇರಿಸಿದರೆ ಸರಿಹೋಗುತ್ತದೆ. ಆ ಕೆಪಾಸಿಟರುಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು: 30 ಮೈಕ್ರೊಫ್ಯಾರಡ್‌ನಲ್ಲಿ 3000 ವೋಲ್ಟ್ ತುಂಬಿದ್ದರೆ ಅಲ್ಲಿ 135 ಜೂಲ್ ಶಕ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಇರುತ್ತದೆ. ಮನೆಯ ಯಾವ ಎಂಸಿಬಿಯೂ ಆರ್‌ಸಿಸಿಬಿಯೂ ಅದರಿಂದ ಯಾರನ್ನೂ ಕಾಯಲಾರದು.

ಪ್ರಸಾರದ ಕೀ ಒತ್ತಿದಾಗ ಮಾತ್ರ ಆರ್‌ಸಿಸಿಬಿ ಬೀಳುತ್ತಿದ್ದರೆ, ಅದನ್ನು ಕಿತ್ತುಹಾಕಿ ಎಂದು ಕೇಳುವವರಿದ್ದಾರೆ. ಕೀಳಬೇಡಿ. ಅಕ್ಕಪಕ್ಕದ ಲೈಟಿನ ನ್ಯೂಟ್ರಲನ್ನು ಈ ಲೈನಿಗೆ ಕೂಡಿಸಿದ್ದಾರೆಯೇ ಎಂದು ಮೊದಲು ನೋಡಿಸಿ, ಏಕೆಂದರೆ ಹಳೆಯ ವೈರಿಂಗ್‌ನಲ್ಲಿ ಇದು ತೀರ ಸಾಮಾನ್ಯ. ಅದು ಸರಿಯಿದ್ದರೆ ಆಂಟೆನಾದಿಂದ ಕೇಬಲ್‌ನ ಹೊರಮೈಯ ಮೇಲೆ ಹಿಂದಿರುಗುವ ರೇಡಿಯೊ ತರಂಗ ಮೇನ್ಸ್ ತಂತಿಗೆ ಸೇರುತ್ತಿರಬಹುದು. ಕೇಬಲ್‌ಗೂ ಪವರ್ ಕಾರ್ಡ್‌ಗೂ ಅದನ್ನು ತಡೆಯುವ ಫೆರೈಟ್ ಚೋಕ್ ಹಾಕಿ. ಜೊತೆಗೆ, ಈ ಲೈನಿಗೆ ಅದರದ್ದೇ ಆರ್‌ಸಿಸಿಬಿ ಇದ್ದರೆ, ಅದು ಬಿದ್ದಾಗ ಮನೆಯ ಉಳಿದ ದೀಪಗಳು ಆರುವುದಿಲ್ಲ.