ವ್ಯಾಗನ್ ಎಲ್ಲ ತುಂಬಿಸಿದ್ದೇನೆ, ಗಾಡಿಗೆ ಮಾತ್ರ ಒಂದೂ ಬರುತ್ತಿಲ್ಲ!

ಪ್ರಶ್ನೆ: ನನ್ನ ಹತ್ತಿರ ಎಚ್‌ಒ ಅಳತೆಯ ಒಂದು ಮಾದರಿ ರೈಲು ಇದೆ, ಜೊತೆಗೆ 50 ಗೂಡ್ಸ್ ವ್ಯಾಗನ್. ಯಾವ ವ್ಯಾಗನ್ ಎಲ್ಲಿಗೆ ಹೋಗಬೇಕು ಅಂತ ನೋಡಿಕೊಳ್ಳಲು ಜೆಎಂಆರ್‌ಐ ಅನ್ನುವ ಮಾದರಿ ರೈಲಿನ ಸಾಫ್ಟ್‌ವೇರ್‌ನಲ್ಲಿರುವ ಆಪರೇಷನ್ಸ್‌ಪ್ರೊ ಹಾಕಿಕೊಂಡೆ. ಎರಡು ವಾರ ಕೂತು ಎಲ್ಲ ವಿವರ ತುಂಬಿದೆ. ಈಗ ಗಾಡಿಗೆ ವ್ಯಾಗನ್ ಆರಿಸಿಕೊಡುವ ‘ಬಿಲ್ಡ್’ ಒತ್ತಿದರೆ ಒಂದೋ ಎರಡೋ ವ್ಯಾಗನ್ ಬರುತ್ತವೆ, ಇಲ್ಲವೇ ಫೇಲ್ ಆಗುತ್ತದೆ. ಇದನ್ನು ಕಲಿಯುವುದು ಹೇಗೆ?

ಉತ್ತರ: ತುಂಬಿದ್ದನ್ನೆಲ್ಲ ಬ್ಯಾಕಪ್ ತೆಗೆದು ಬದಿಗಿಡಿ. ಎರಡು ಸ್ಟೇಷನ್, ಒಂದು ಗಾಡಿ, ಆರು ವ್ಯಾಗನ್. ಇಷ್ಟರಿಂದ ಮತ್ತೆ ಶುರು ಮಾಡಿ.

ಎರಡು ವಾರದ ಕೆಲಸ ಬದಿಗಿಡಲು ಮನಸ್ಸು ಬರುವುದಿಲ್ಲ, ಗೊತ್ತು. ನಾನೂ ಮೊದಲ ಸಲ ಎಲ್ಲ ವ್ಯಾಗನ್‌ಗಳ ನಂಬರು, ಬಣ್ಣ, ಉದ್ದ, ಕೊನೆಗೆ ತಯಾರಾದ ವರ್ಷವನ್ನೂ ಬಿಡದೆ ತುಂಬಿದ್ದೆ. ಬಿಲ್ಡ್ ಒತ್ತಿದೆ. ಬಂದದ್ದು ಇಂಜಿನ್ ಮತ್ತು ಹಿಂದೆ ಗಾರ್ಡ್ ಡಬ್ಬಿ. ಮಧ್ಯೆ ಏನೂ ಇಲ್ಲ. ಸಾಫ್ಟ್‌ವೇರ್ ಕೆಟ್ಟಿದೆ ಅಂತ ಬೈದುಕೊಂಡೆ. ಕೆಟ್ಟಿರಲಿಲ್ಲ.

ಮೊದಲು ಒಂದು ವಿಷಯ ತಲೆಯಲ್ಲಿರಲಿ: ಆಪರೇಷನ್ಸ್‌ಪ್ರೊಗೆ ನಿಮ್ಮ ಹಳಿ ಕಾಣಿಸುವುದಿಲ್ಲ. ಅದಕ್ಕೆ ಹಳಿಯ ಜೊತೆ ವೈರಿನ ಸಂಬಂಧವೂ ಬೇಕಿಲ್ಲ. ಅದು ಹಿಂದಿನ ಕೋಣೆಯಲ್ಲಿ ಲೆಕ್ಕದ ಪುಸ್ತಕ ಹಿಡಿದು ಕೂತ ಗುಮಾಸ್ತ. ಈ ವ್ಯಾಗನ್ ಎಲ್ಲಿದೆ? ಈ ಜಾತಿಯ ವ್ಯಾಗನ್ನನ್ನು ಯಾವ ಹಳಿ ಒಪ್ಪುತ್ತದೆ? ಅಲ್ಲಿ ಜಾಗ ಇದೆಯಾ? ಈ ಗಾಡಿ ಅಲ್ಲಿಗೆ ಹೋಗುತ್ತದಾ? ಒಂದಕ್ಕೆ ‘ಇಲ್ಲ’ ಬಂದರೂ ವ್ಯಾಗನ್ ನಿಂತಲ್ಲೇ ನಿಲ್ಲುತ್ತದೆ. ನೀವು ಬರೆದುಕೊಡದ್ದನ್ನು ಅದು ತಾನಾಗಿ ಊಹಿಸುವುದಿಲ್ಲ.

ಜಾಗದ ವಿಷಯವನ್ನೇ ನೋಡಿ. ನಿಮ್ಮ ಮರದ ಮಿಲ್ಲಿನ ಹಳಿ 70 ಸೆಂ.ಮೀ. ಇದೆ ಅಂದುಕೊಳ್ಳಿ. ಎಚ್‌ಒ ಅಂದರೆ 1:87, ಹಾಗಾಗಿ ಅದು ನಿಜವಾದ ರೈಲಿನ ಲೆಕ್ಕದಲ್ಲಿ ಸುಮಾರು 200 ಅಡಿ. 40 ಅಡಿಯ ವ್ಯಾಗನ್ ಐದು ಹಿಡಿಯಬೇಕು ಅಲ್ವಾ? ಇಲ್ಲ. ಸಾಫ್ಟ್‌ವೇರ್ ಪ್ರತಿ ವ್ಯಾಗನ್‌ಗೆ ಕಪ್ಲರ್ (ವ್ಯಾಗನ್ ಜೋಡಿಸುವ ಕೊಕ್ಕೆ) ಲೆಕ್ಕದಲ್ಲಿ 4 ಅಡಿ ಸೇರಿಸುತ್ತದೆ. 44ರಂತೆ ಐದಕ್ಕೆ 220 ಅಡಿ. ನಾಲ್ಕೇ ಸಾಕು ಅನ್ನುತ್ತದೆ. ಅನುಮಾನ ಇದ್ದರೆ ಐದು ವ್ಯಾಗನ್ ಜೋಡಿಸಿ ಆ ಹಳಿಯ ಮೇಲೆ ನಿಲ್ಲಿಸಿ. ಕೊನೆಯದು ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಮೇಲೆ ಬಂದು ಕೂರುತ್ತದೆ. ಗುಮಾಸ್ತನ ಲೆಕ್ಕವೇ ಸರಿ.

50 ವ್ಯಾಗನ್ ಅಂದಿರಲ್ಲ, ಅವು ನಿಲ್ಲುವ ಹಳಿಗಳನ್ನೆಲ್ಲ ಕೂಡಿಸಿದರೆ ಎಷ್ಟು ಹಿಡಿಯುತ್ತದೆ ಅಂತ ಎಣಿಸಿದ್ದೀರಾ? ಅರ್ಧಕ್ಕಿಂತ ತುಂಬಾ ಜಾಸ್ತಿ ತುಂಬಿದ್ದರೆ ಯಾವ ಸಾಫ್ಟ್‌ವೇರ್ ಕೂಡ ಒದ್ದಾಡುತ್ತದೆ. ಇಳಿಸಲು ಜಾಗವೇ ಇಲ್ಲದ ಮೇಲೆ ಎತ್ತಿಕೊಂಡು ಹೋಗುವುದು ಎಲ್ಲಿಗೆ? ಕೆಲವು ವ್ಯಾಗನ್ ಡಬ್ಬಕ್ಕೆ ವಾಪಸ್ ಹೋಗಬೇಕಾದೀತು. ಇದು ಯಾರಿಗೂ ಇಷ್ಟವಾಗದ ಸಲಹೆ.

ಜನ ಜಾಸ್ತಿ ಎಡವುವ ಇನ್ನೊಂದು ಜಾಗ ದಿಕ್ಕು. ರೂಟ್ ಬರೆಯುವಾಗ ಗಾಡಿ ಪೂರ್ವಕ್ಕೆ ಹೋಗುತ್ತದೆ ಅಂತ ಹೇಳುತ್ತೀರಿ. ಅದೇ ರೀತಿ ಪ್ರತಿ ಹಳಿಗೂ, ಯಾವ ದಿಕ್ಕಿನ ಗಾಡಿ ಅಲ್ಲಿ ಕೆಲಸ ಮಾಡಬಹುದು ಅಂತ ಟಿಕ್ ಹಾಕಬೇಕು. ಇದು ಸುಮ್ನೆ ಇಟ್ಟಿರುವುದಲ್ಲ. ಗಾಡಿ ಪಾಯಿಂಟ್ ದಾಟಿ ನಿಂತು, ರಿವರ್ಸ್ ತೆಗೆದು ವ್ಯಾಗನ್ನನ್ನು ಒಳಗೆ ತಳ್ಳುವಂತಿದ್ದರೆ ಕೆಲಸ ಸಲೀಸು. ಹಳಿ ಎದುರು ದಿಕ್ಕಿಗೆ ತೆರೆದುಕೊಂಡಿದ್ದರೆ ಇಂಜಿನ್ ಮೊದಲು ವ್ಯಾಗನ್‌ಗಳ ಹಿಂದಕ್ಕೆ ಬರಬೇಕು, ಅದಕ್ಕೆ ಪಕ್ಕದಲ್ಲಿ ಲೂಪ್, ಅಂದರೆ ಎರಡೂ ತುದಿ ಮುಖ್ಯ ಹಳಿಗೆ ಸೇರುವ ಹಳಿ, ಬೇಕು. ಅದಿಲ್ಲದ ಕಡೆ ವಾಪಸ್ ಬರುವ ಗಾಡಿಗೆ ಮಾತ್ರ ಟಿಕ್ ಹಾಕುವುದು ಜಾಣತನ.

ಇನ್ನು ಬಿಲ್ಡ್ ಫೇಲ್ ಆದಾಗ ಏನು ಮಾಡುವುದು? ಬಿಲ್ಡ್ ರಿಪೋರ್ಟ್ ಓದಿ. ಸೆಟ್ಟಿಂಗ್‌ನಲ್ಲಿ ಅದರ ವಿವರ ಎಷ್ಟಿರಬೇಕು ಅಂತ ಆರಿಸಬಹುದು. ಕಲಿಯುವಾಗ ಅತಿ ಹೆಚ್ಚಿನದಕ್ಕೆ ಇಟ್ಟುಕೊಳ್ಳಿ. ಯಾವ ವ್ಯಾಗನ್ನನ್ನು ಯಾಕೆ ಬಿಟ್ಟೆ ಅಂತ ಸಾಲು ಸಾಲಾಗಿ ಬರೆದಿರುತ್ತದೆ. ಹಳಿ ಚಿಕ್ಕದು, ಈ ಜಾತಿಗೆ ಅನುಮತಿ ಇಲ್ಲ, ಈ ದಿಕ್ಕಿನ ಗಾಡಿಗೆ ಅಲ್ಲಿ ಕೆಲಸ ಇಲ್ಲ, ಹೀಗೆ. 50 ವ್ಯಾಗನ್ ಇದ್ದರೆ ಈ ರಿಪೋರ್ಟ್ ಓದುವಷ್ಟರಲ್ಲಿ ಕಣ್ಣು ಮಂಜಾಗುತ್ತದೆ. ಆರಿದ್ದರೆ ಐದು ನಿಮಿಷದ ಕೆಲಸ. ಚಿಕ್ಕದರಿಂದ ಶುರು ಮಾಡಿ ಅಂದದ್ದು ಇದಕ್ಕೇ.

ತುಂಬಿದ ವ್ಯಾಗನ್, ಖಾಲಿ ವ್ಯಾಗನ್ ಗೊಂದಲ ಆಮೇಲೆ ನೋಡೋಣ. ಶುರುವಿನಲ್ಲಿ ಸಾಫ್ಟ್‌ವೇರ್ ತಾನೇ ಕೊಡುವ ‘ಇ’ ಮತ್ತು ‘ಎಲ್’ ಸಾಕು: ಖಾಲಿ ಮತ್ತು ಲೋಡ್. ಕಾರ್ಖಾನೆಯ ಸ್ಪರ್ ಹಳಿಗೆ (ಸರಕು ತುಂಬುವ, ಇಳಿಸುವ ಕವಲು ಹಳಿ) ಖಾಲಿ ವ್ಯಾಗನ್ ಬಿಟ್ಟರೆ ಪುಸ್ತಕದಲ್ಲಿ ಅದು ತಾನಾಗಿಯೇ ಲೋಡ್ ಆಗುತ್ತದೆ, ಲೋಡ್ ಬಿಟ್ಟರೆ ಖಾಲಿಯಾಗುತ್ತದೆ. ವ್ಯಾಗನ್ ಸುಮ್ನೆ ನಿಲ್ಲಿಸಿಡುವ ಯಾರ್ಡ್ ಹಳಿಯಲ್ಲಿ ಹಾಗಾಗುವುದಿಲ್ಲ. ಮಿಲ್ಲಿನ ಹಳಿಯನ್ನು ತಪ್ಪಿ ಯಾರ್ಡ್ ಅಂತ ಬರೆದಿದ್ದರೆ ನಿಮ್ಮ ವ್ಯಾಗನ್ ಜನ್ಮವಿಡೀ ಖಾಲಿ ಓಡಾಡುತ್ತಿರುತ್ತದೆ.

ಇದೆಲ್ಲ ತಲೆಗೆ ಹತ್ತದಿದ್ದರೆ ಒಂದೆರಡು ದಿನ ಕಂಪ್ಯೂಟರ್ ಮುಚ್ಚಿ ಕಾರ್ಡಿನಲ್ಲಿ ಆಡಿ. ವ್ಯಾಗನ್‌ಗೊಂದು ಕಾರ್ಡು, ಅದರ ಜೇಬಿನಲ್ಲಿ ನಾಲ್ಕು ಊರಿನ ಹೆಸರಿರುವ ಚೀಟಿ. ಒಂದು ಊರು ಮುಗಿದರೆ ಚೀಟಿ ತಿರುಗಿಸುವುದು. 1960ರ ದಶಕದಿಂದ ಬಂದ ಪದ್ಧತಿ, ಇವತ್ತಿಗೂ ಸಾಫ್ಟ್‌ವೇರ್ ಬೇಡ ಅಂತ ಇದನ್ನೇ ನೆಚ್ಚಿಕೊಂಡವರಿದ್ದಾರೆ. ನನಗೆ ಸಾಫ್ಟ್‌ವೇರ್ ಅರ್ಥವಾದದ್ದೂ ಈ ಕಾರ್ಡುಗಳಿಂದಲೇ.

(ಅಂದ ಹಾಗೆ, ಜೆಎಂಆರ್‌ಐ ಉಚಿತ, ಅದರ ಕೋಡ್ ಕೂಡ ಎಲ್ಲರಿಗೂ ಮುಕ್ತ. ಈ ಕೋಡ್‌ನ ಲೈಸೆನ್ಸ್ ವಿಷಯ ಅಮೆರಿಕದ ಕೋರ್ಟಿಗೂ ಹೋಗಿತ್ತು. ಮುಕ್ತ ತಂತ್ರಾಂಶದ ಷರತ್ತು ಮುರಿದರೆ ಅದು ಕಾಪಿರೈಟ್ ಉಲ್ಲಂಘನೆ ಆಗಬಹುದು ಅಂತ 2008ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ಆಟದ ರೈಲು ಅಂತ ನಗುವವರಿಗೆ ಹೇಳಲು ಒಳ್ಳೆಯ ಕತೆ.)

ಕೊನೆಯದಾಗಿ ಒಂದು ಎಚ್ಚರಿಕೆ. ಗಾಡಿ ಓಡಿಸಿ ಮುಗಿದ ಮೇಲೆ ‘ಟರ್ಮಿನೇಟ್’ ಒತ್ತಿ. ಒತ್ತದಿದ್ದರೆ ಪುಸ್ತಕದಲ್ಲಿ ವ್ಯಾಗನ್ ಇನ್ನೂ ದಾರಿಯಲ್ಲೇ ಇರುತ್ತದೆ. ಹಳಿ ತಪ್ಪಿದ ವ್ಯಾಗನ್ನನ್ನು ಕೈಯಲ್ಲಿ ಎತ್ತಿ ಬೇರೆ ಹಳಿಗೆ ಇಟ್ಟರೆ ಅದನ್ನೂ ಸಾಫ್ಟ್‌ವೇರ್‌ನಲ್ಲಿ ಬದಲಿಸಿ. ಆರು ವ್ಯಾಗನ್ ಹೋಗಿ ಬಂದು ಮೂರು ಸುತ್ತು ಮುಗಿಸಿದಾಗ, ಪರದೆ ಹೇಳುವ ಜಾಗದಲ್ಲೇ ಪ್ರತಿಯೊಂದೂ ನಿಂತಿದೆಯಾ ನೋಡಿ. ನಿಂತಿದ್ದರೆ ಮೂರನೇ ಸ್ಟೇಷನ್ ಸೇರಿಸಿ.